ಬಂಗಾರದ ಗಣಿಯೂ ಕಾರ್ಮಿಕರ ಕಿವಿಯೂ

ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಅಶೋಕನ ಶಾಸನವನ್ನು 1915ರಲ್ಲಿ ಪತ್ತೆ ಮಾಡಿದವನು ವಿದ್ವಾಂಸನಲ್ಲ, ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್. ‘ದೇವಾನಾಂಪ್ರಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂಬುದು ಆ ಶಾಸನದಿಂದ ಖಚಿತವಾಯಿತೆಂದು ಶಾಲೆಯ ಮಕ್ಕಳೂ ಓದುತ್ತಾರೆ. ಆದರೆ ಬಂಗಾರ ಹುಡುಕುವವರನ್ನು ಈ ನೆಲಕ್ಕೆ ಎಳೆದು ತಂದದ್ದು ಇಲ್ಲಿನ ಪುರಾತನ ಗಣಿಗಳ ಗುರುತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು ಸುಮಾರು 600 ಅಡಿ ಆಳದವರೆಗೆ ಇಳಿದಿದ್ದರು. ಅವರ ಬಳಿ ಸಿಡಿಮದ್ದು ಇರಲಿಲ್ಲ. ಬಂಡೆಯ ಮೇಲೆ ಕಟ್ಟಿಗೆ ಒಟ್ಟಿ ಬೆಂಕಿ ಹಚ್ಚುವುದು, ಕಾದ ಕಲ್ಲಿಗೆ ನೀರು ಸುರಿಯುವುದು, ಬಿರುಕು ಬಿಟ್ಟದ್ದನ್ನು ಉಳಿ ಸುತ್ತಿಗೆಗಳಿಂದ ಕೀಳುವುದು. ಇದು ಅವರ ವಿಧಾನ. ಹೊಗೆಗೂ ಬಿಸಿಗೂ ಅವರಲ್ಲಿ ಎಷ್ಟೋ ಜನ ಬಲಿಯಾಗಿರಬೇಕು. ಆದರೆ ದಿನವಿಡೀ ಕಿವಿಯನ್ನು ಕೊರೆಯುವ ಸದ್ದು ಆ ಗಣಿಯಲ್ಲಿ ಇರಲಿಲ್ಲ. ಅದು ಯಂತ್ರದೊಂದಿಗೆ ಬಂದದ್ದು.

ಒತ್ತಿದ ಗಾಳಿಯಿಂದ ನಡೆಯುವ ಬೈರಿಗೆ ಯಂತ್ರವನ್ನು 1861ರಲ್ಲಿ ಯುರೋಪಿನ ಆಲ್ಪ್ಸ್ ಪರ್ವತದ ಸುರಂಗದ ಕೆಲಸಕ್ಕೆ ಬಳಸಿದರು. ಮುಂದೆ ಅದು ಜಗತ್ತಿನ ಗಣಿಗಳಿಗೆಲ್ಲ ಹರಡಿತು. ಹಟ್ಟಿಯಲ್ಲಿ ನಿಜಾಮರ ಆಳ್ವಿಕೆಯ ಕಾಲದಲ್ಲಿ, 20ನೆಯ ಶತಮಾನದ ಆರಂಭದಲ್ಲಿ ಹೊಸ ಗಣಿಗಾರಿಕೆ ನಡೆದು ನಿಂತಿತು. 1947ರಲ್ಲಿ ಈಗಿನ ಕಂಪೆನಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಹುಟ್ಟಿತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಯಲ್ಲಿ ಹಟ್ಟಿಯದೇ ಮೊದಲ ಹೆಸರು. ಇಂಥ ಗಣಿಯೊಳಗೆ ಗಾಳಿಯ ಬೈರಿಗೆಯ ಸದ್ದು 110 ಡೆಸಿಬಲ್‌ಗೂ ಮೀರುವುದುಂಟು. ಮೇಲೆ, ಉಕ್ಕಿನ ಗುಂಡುಗಳು ಉರುಳುತ್ತ ಅದಿರನ್ನು ನುಣ್ಣಗೆ ಅರೆಯುವ ಗಿರಣಿಯ ಬಳಿ ಮಾತು ಕೇಳಬೇಕಾದರೆ ಕೂಗಬೇಕು.

ಸದ್ದು ಕಿವಿಯನ್ನು ಕೆಡಿಸುತ್ತದೆಂಬ ತಿಳಿವಳಿಕೆ ಹೊಸದಲ್ಲ. ಇಟಲಿಯ ವೈದ್ಯ ರಾಮಾಜ಼ಿನಿ 18ನೆಯ ಶತಮಾನದ ಆರಂಭದಲ್ಲೇ ವೆನಿಸ್ಸಿನ ತಾಮ್ರ ಬಡಿಯುವವರ ಕಿವುಡನ್ನು ಕುರಿತು ಬರೆದಿದ್ದ. ಗ್ಲಾಸ್ಗೋ ನಗರದ ಥಾಮಸ್ ಬಾರ್ 1886ರಲ್ಲಿ 100 ಮಂದಿ ಬಾಯ್ಲರ್ ಕಾರ್ಮಿಕರ ಕಿವಿಯ ಬಳಿ ಗಡಿಯಾರ ಹಿಡಿದು ಟಿಕ್ ಟಿಕ್ ಎಷ್ಟು ದೂರಕ್ಕೆ ಕೇಳುತ್ತದೆಂದು ಪರೀಕ್ಷಿಸಿದ. ಸರಿಯಾದ ಶ್ರವಣವುಳ್ಳವನು ಅವರಲ್ಲಿ ಒಬ್ಬನೂ ಇರಲಿಲ್ಲ.

ಇದಕ್ಕೆ ಕಾರಣ ಒಳಗಿವಿಯಲ್ಲಿದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಅಲ್ಲಿನ ಅಂಗದಲ್ಲಿ ಸುಮಾರು 15,000 ರೋಮಕೋಶಗಳಿವೆ. ಅತಿಯಾದ ಸದ್ದಿಗೆ ಇವು ಬಾಗಿ, ದಣಿದು, ಕೊನೆಗೆ ಸಾಯುತ್ತವೆ. ಸತ್ತ ಕೋಶ ಮತ್ತೆ ಹುಟ್ಟದು. ಮೊದಲು ಹೋಗುವುದು ಕೀಚಲು ಸ್ವರಗಳನ್ನು ಗ್ರಹಿಸುವ ಶಕ್ತಿ. ‘ಸ’, ‘ಶ’, ‘ಚ’ಗಳಂಥ ವ್ಯಂಜನಗಳು ಮಸುಕಾಗುತ್ತವೆ. ಆದ್ದರಿಂದಲೇ ಇಂಥವರು, ‘ಕೇಳಸ್ತೈತಿ, ಆದ್ರ ತಿಳಿಯಂಗಿಲ್ಲ’ ಎನ್ನುತ್ತಾರೆ. ನೋವಿಲ್ಲ, ರಕ್ತವಿಲ್ಲ, ಹಾಗಾಗಿ ಯಾರೂ ಇದನ್ನು ಗಾಯವೆಂದು ಎಣಿಸುವುದಿಲ್ಲ. ಮನೆಯವರು ವಯಸ್ಸಾಯಿತೆಂದು ಸುಮ್ಮನಾಗುತ್ತಾರೆ.

ಡೆಸಿಬಲ್ಲಿನ ಲೆಕ್ಕವೂ ನಮ್ಮನ್ನು ಮೋಸಗೊಳಿಸುತ್ತದೆ. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ. 85 ಡೆಸಿಬಲ್ಲಿನಲ್ಲಿ 8 ಗಂಟೆ ದುಡಿದರೆ ಕಿವಿಗೆ ತಗಲುವ ಪೆಟ್ಟು, 94ರಲ್ಲಿ ಒಂದೇ ಗಂಟೆಗೆ, 100ರಲ್ಲಿ ಕಾಲು ಗಂಟೆಗೆ ತಗಲುತ್ತದೆ.

ನಮ್ಮ ದೇಶದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1975ರ ಸುತ್ತೋಲೆಯಲ್ಲಿ 85 ಡೆಸಿಬಲ್ ಎಚ್ಚರಿಕೆಯ ಮಿತಿ, 90 ಅಪಾಯದ ಮಿತಿ ಎಂದು ಗೊತ್ತುಪಡಿಸಿತು. ಕೋಲಾರದ ಗಣಿಗಳ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಯ ಸಮೀಕ್ಷೆ 1940ರ ದಶಕದಲ್ಲೇ ನಡೆದಿತ್ತೆಂಬುದನ್ನು ನೆನೆದರೆ, ಕಿವಿಯ ಸರದಿ ಬಂದದ್ದು ತಡವಾಗಿ. ಬೈರಿಗೆಗೆ ನೀರು ಹಾಯಿಸಿದರೆ ಧೂಳು ತಗ್ಗುತ್ತದೆ, ಸದ್ದು ತಗ್ಗುವುದಿಲ್ಲ. ಮುಂದೆ ಸದ್ದಿನಿಂದ ಬರುವ ಕಿವುಡು, ಕಾರ್ಖಾನೆ ಕಾಯ್ದೆಯಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಗೆ ಸೇರಿತು. 2020ರ ವೃತ್ತಿ ಸುರಕ್ಷತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ.

ಆದರೆ ಈ ಸೀಮೆಯಲ್ಲಿ ಸದ್ದು ಗಣಿಯಲ್ಲಷ್ಟೇ ಇಲ್ಲ. 1953ರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಸಿಂಧನೂರು ಭತ್ತದ ನಾಡಾಯಿತು, ಭತ್ತದ ಹಿಂದೆ ಅಕ್ಕಿ ಗಿರಣಿಗಳು ಬಂದವು. ಹೊಟ್ಟು ಸುಲಿಯುವ, ಜರಡಿ ಹಿಡಿಯುವ ಯಂತ್ರಗಳ ನಡುವೆ ನಿಂತವರಿಗೆ, ಬೋರ್‌ವೆಲ್ ಲಾರಿಯ ಹುಡುಗರಿಗೆ, ವೆಲ್ಡಿಂಗ್ ಅಂಗಡಿಯವರಿಗೆ ಗಣಿಯ ಕಾನೂನು ಅನ್ವಯಿಸದು. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸಿ 10 ಜನ ದುಡಿದರೆ ಅದು ಕಾರ್ಖಾನೆ. ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ಹಂಗಾಮಿಗೆ ಬಂದು ಹೋಗುವ ಹಮಾಲರ ಕಿವಿಯನ್ನು ಪರೀಕ್ಷಿಸುವವರು ಯಾರು?

ಪರಿಹಾರ ದುಬಾರಿಯೇನಲ್ಲ. ಸಡಿಲಗೊಂಡ ಭಾಗಗಳನ್ನು ಬಿಗಿಗೊಳಿಸುವುದು, ಬೇರಿಂಗಿಗೆ ಎಣ್ಣೆ ಹಾಕುವುದು, ಅಬ್ಬರದ ಯಂತ್ರಕ್ಕೆ ಗೋಡೆ ಮರೆ ಮಾಡುವುದು, ಸರದಿಯ ಮೇಲೆ ಕೆಲಸಗಾರರನ್ನು ಬದಲಿಸುವುದು. ಇವೆಲ್ಲ ಮೊದಲು ಆಗಬೇಕಾದವು. ಕಿವಿಗೂಟ, ಕಿವಿಮುಚ್ಚಿಗೆಗಳು ಕೊನೆಯ ರಕ್ಷಣೆ. ಕಿವಿಯಲ್ಲಿ ಹತ್ತಿ ತುರುಕಿಕೊಂಡರೆ ಸಾಕೆಂಬುದು ತಪ್ಪು ನಂಬಿಕೆ. ಹತ್ತಿ ತಡೆಯುವುದು ಅತ್ಯಲ್ಪ. ಜೊತೆಗೆ ಕೆಲಸಕ್ಕೆ ಸೇರಿದಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಯಾದರೆ ಹಾನಿ ಮಾತಿಗೆ ತಟ್ಟುವ ಮೊದಲೇ ಗೊತ್ತಾಗುತ್ತದೆ.

ಮಸ್ಕಿಯ ಬಂಡೆಯ ಅಕ್ಷರಗಳು ಎರಡು ಸಾವಿರ ವರ್ಷಗಳಾಚೆಗೂ ಓದಲು ಸಿಕ್ಕವು. ಕಿವಿಯೊಳಗಿನ ರೋಮಕೋಶ ಅಷ್ಟು ಗಟ್ಟಿಯಲ್ಲ. ಅದು ಒಂದು ಜೀವಮಾನ ಬಾಳಿದರೆ ಸಾಕು. ಅಷ್ಟನ್ನಾದರೂ ದುಡಿಸಿಕೊಳ್ಳುವವರು ಕಾಯಬೇಕಲ್ಲವೇ?