ಲೆಕ್ಕದ ವಹಿಯಲ್ಲಿ ಇಲ್ಲದ ಆಟಗಾರರು

ಹಾಡಕಿ ಮಾಡುವವರಿಗೆ ಒಂದು ಮಾತು ಗೊತ್ತು. ಮನುಷ್ಯ ಸತ್ತ ಮೇಲೆ ಎರಡು ಕಡೆ ಉಳಿಯುತ್ತಾನೆ. ಒಂದು ಮಂದಿ ಬಾಯಾಗ, ಇನ್ನೊಂದು ಬರೆದ ಕಾಗದದಾಗ. ಬಾಯಾಗ ಉಳಿದವ ವರ್ಷಾ ವರ್ಷಾ ಬೆಳೀತಾನ. ಕಾಗದದಾಗ ಉಳಿದವ ಬರೆದಷ್ಟೇ ಇರ್ತಾನ, ಆದರೆ ಅಳಿಸಿ ಹೋಗೂದಿಲ್ಲ. ಹಂಗಾದ್ರ, ಇವರ ಹೆಸರು ಕಾಗದಕ್ಕ ಬರಬಾರದು ಅಂತ ಉಳ್ಳವರು ಕೂಡಿ ಠರಾವು ಮಾಡಿದರೆ ಆ ಜನರ ಗತಿ ಏನು? ಅಮೇರಿಕಾ ದೇಶದ ಬೇಸ್‌ಬಾಲ್ ಆಟದಲ್ಲಿ ಇದು ನಡೆದಿದೆ. ಆ ದೇಶದ ಬಹಳ ದೊಡ್ಡ ಆಟಗಾರರಲ್ಲಿ ಕೆಲವರ ಲೆಕ್ಕ ದೊಡ್ಡ ವಹಿಗೆ ಏರಬೇಕಾದರೆ 2024ನೇ ಇಸವಿ ಬರಬೇಕಾಯಿತು. ಅಷ್ಟರಲ್ಲಿ ಅವರಲ್ಲಿ ಬಹಳ ಮಂದಿ ಮಣ್ಣಿನಲ್ಲಿ ಮಣ್ಣಾಗಿ ಹೋಗಿದ್ದರು. ಅವರ ಕಥೆಯನ್ನು ನಮ್ಮ ಊರ ಜನಕ್ಕೆ, ಶಾಲೆಯ ಮಾಸ್ತರರಿಗೆ ತಿಳಿಯುವ ಹಾಗೆ ಹೇಳುತ್ತೇನೆ.

ಮೊದಲು ಆಟ ಎಂಥಾದ್ದು ಅಂತ ನೋಡೋಣ. ನಮ್ಮ ಹುಡುಗರಿಗೆ ಕ್ರಿಕೆಟ್ ಗೊತ್ತು. ಬೇಸ್‌ಬಾಲ್ ಅದರ ದಾಯಾದಿ ಇದ್ದ ಹಾಗೆ. ಒಂದೊಂದು ತಂಡಕ್ಕೆ 9 ಜನ. ಬ್ಯಾಟು ಚಪ್ಪಟೆ ಅಲ್ಲ, ಒನಕೆಯಂತೆ ದುಂಡಗೆ. ಚೆಂಡು ಒಗೆಯುವವನಿಗೆ ಪಿಚರ್ ಅಂತಾರೆ. ಅವನು ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಒಗೆಯುತ್ತಾನೆ. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ಹಿಡಿಯುವವ ಕ್ಯಾಚರ್. ಮೈದಾನಕ್ಕೆ ನಾಲ್ಕು ಮೂಲೆ. ಹೊಡೆದವನು ಮೂರು ಮೂಲೆ ಸುತ್ತಿ ನಿಂತ ಜಾಗಕ್ಕೇ ತಿರುಗಿ ಬಂದರೆ ಒಂದು ರನ್ನು. ಚೆಂಡು ಬೇಲಿ ದಾಟಿ ಹೋದರೆ ಅದು ಹೋಮ್ ರನ್, ನಮ್ಮ ಸಿಕ್ಸರ್ ಇದ್ದಂತೆ. ಹತ್ತು ಸಲ ಬ್ಯಾಟು ಬೀಸಲು ನಿಂತಾಗ ಮೂರು ಸಲ ಹೊಡೆದು ಮೂಲೆ ಮುಟ್ಟಿದವನು ಭಾರಿ ಆಟಗಾರ. ಇದನ್ನು ಅವರು ಸಾವಿರದ ಲೆಕ್ಕದಲ್ಲಿ ಹೇಳುತ್ತಾರೆ, ಸಾವಿರಕ್ಕೆ 300 ಅಂತ. ಈ ಸಾವಿರದ ಲೆಕ್ಕ ನೆನಪಿಟ್ಟುಕೊಳ್ಳಿರಿ, ಮುಂದೆ ಬೇಕಾಗುತ್ತದೆ.

ಅಮೇರಿಕಾದವರಿಗೆ ಈ ಲೆಕ್ಕದ ಹುಚ್ಚು ಬಹಳ. 1876ರಲ್ಲಿ ಅಲ್ಲಿ ನ್ಯಾಷನಲ್ ಲೀಗ್ ಎಂಬ ದೊಡ್ಡ ಪಂದ್ಯಾವಳಿ ಸುರುವಾಯಿತು. ಅಂದಿನಿಂದ ಯಾರು ಎಷ್ಟು ಹೊಡೆದರು, ಯಾರು ಎಷ್ಟು ಹಿಡಿದರು ಅಂತ ಅಂಗಡಿಯ ರೋಜುಕೀರ್ದಿಯಂತೆ ಬರೆದಿಟ್ಟಿದ್ದಾರೆ. ಟೈ ಕಾಬ್ ಎಂಬವನ ಇಡೀ ಜೀವಮಾನದ ಲೆಕ್ಕ ಸಾವಿರಕ್ಕೆ 367. ಬೇಬ್ ರೂತ್ ಹೊಡೆದ ಹೋಮ್ ರನ್ 714. ಈ ಎರಡು ಅಂಕಿಗಳು ಅಲ್ಲಿಯ ಸಣ್ಣ ಹುಡುಗರಿಗೂ ಮಗ್ಗಿಯ ಹಾಗೆ ಬಾಯಿಪಾಠ. ಆದರೆ ಆ ವಹಿಯಲ್ಲಿ ಇದ್ದವರು ಬಿಳಿಯರು. ಕಪ್ಪು ಜನರಿಗೆ ಅದರ ಬಾಗಿಲು ಮುಚ್ಚಿತ್ತು.

ಮೊದಲಿಗೆ ಹಾಗಿರಲಿಲ್ಲ. 1884ರಲ್ಲಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಆಟಗಾರ ಟೊಲೀಡೊ ಊರಿನ ತಂಡದಲ್ಲಿ ಕ್ಯಾಚರ್ ಆಗಿ ದೊಡ್ಡ ಲೀಗಿನಲ್ಲೇ ಆಡಿದ್ದ. ಶಿಕಾಗೊ ತಂಡದ ನಾಯಕ ಕ್ಯಾಪ್ ಆನ್ಸನ್ ದೊಡ್ಡ ಆಟಗಾರ, ಆದರೆ ಕಪ್ಪು ಜನ ಎದುರಿಗಿದ್ದರೆ ತಾನು ಆಡೂದಿಲ್ಲ ಅಂತ ಹಟ ಹಿಡಿಯುವವ. 1887ರಲ್ಲಿ ಇಂಟರ್‌ನ್ಯಾಷನಲ್ ಲೀಗಿನ ಮಾಲಕರು ಕೂಡಿ, ಇನ್ನು ಮುಂದೆ ಕಪ್ಪು ಆಟಗಾರರನ್ನು ಹೊಸದಾಗಿ ತೆಗೆದುಕೊಳ್ಳಬಾರದು ಅಂತ ಮತ ಹಾಕಿದರು. ದೊಡ್ಡ ಲೀಗುಗಳಲ್ಲಂತೂ ಬರೆದ ಕಾಯಿದೆ ಏನೂ ಇರಲಿಲ್ಲ, ಆದರೂ ಎಲ್ಲ ಮಾಲಕರೂ ಹಾಗೇ ನಡೆದರು. ನಮ್ಮ ಕಡೆಯ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಾವ ಬಾವಿಗೆ ಯಾರು ಇಳಿಯಬಾರದು ಅಂತ ಬಾವಿ ಕಟ್ಟೆಯ ಮೇಲೆ ಯಾರೂ ಬರೆದಿರಲಿಲ್ಲ. ಆದರೂ ಎಲ್ಲರಿಗೂ ಗೊತ್ತಿತ್ತು. ಅಲ್ಲಿಯೂ ಸುಮಾರು 60 ವರ್ಷ ಹಾಗೇ ನಡೆಯಿತು.

ಬಾಗಿಲು ಮುಚ್ಚಿದರೆಂದು ಕಪ್ಪು ಜನ ಆಟ ಬಿಡಲಿಲ್ಲ. ತಮ್ಮದೇ ತಂಡ ಕಟ್ಟಿದರು. ರೂಬ್ ಫಾಸ್ಟರ್ ಎಂಬವ ಟೆಕ್ಸಸ್ ಸೀಮೆಯವ, ಸ್ವತಃ ಒಳ್ಳೇ ಪಿಚರ್, ಶಿಕಾಗೊ ಅಮೇರಿಕನ್ ಜಾಯಂಟ್ಸ್ ತಂಡದ ಯಜಮಾನ. 1920ರ ಫೆಬ್ರುವರಿ 13ರಂದು ಅವನು ಕಾನ್ಸಾಸ್ ಸಿಟಿಯಲ್ಲಿ ಬೇರೆ ಬೇರೆ ತಂಡಗಳ ಮಾಲಕರನ್ನು ಕೂಡಿಸಿ ನೀಗ್ರೋ ನ್ಯಾಷನಲ್ ಲೀಗ್ ಸ್ಥಾಪನೆ ಮಾಡಿದ. ಇವತ್ತು ಆ ಶಬ್ದ ಯಾರೂ ಬಳಸೂದಿಲ್ಲ, ಆದರೆ ಆ ಲೀಗಿನ ಹೆಸರು ಅದೇ ಇತ್ತು. ಫಾಸ್ಟರ್ ಅದಕ್ಕಾಗಿ ಹಗಲು ರಾತ್ರಿ ದುಡಿದ. 1926ರಲ್ಲಿ ಅವನ ಬುದ್ಧಿ ಕೆಟ್ಟಿತು, 1930ರಲ್ಲಿ ಆಸ್ಪತ್ರೆಯಲ್ಲೇ ತೀರಿಕೊಂಡ. ಮರುವರ್ಷ ಲೀಗೂ ಮುರಿಯಿತು. ಆದರೆ ಅವನು ಹಾಕಿಕೊಟ್ಟ ದಾರಿ ಮುರಿಯಲಿಲ್ಲ. 1933ರಲ್ಲಿ ಎರಡನೆಯ ಲೀಗು ಎದ್ದು ನಿಂತಿತು.

ಈ ತಂಡಗಳ ಬದುಕು ನಮ್ಮ ಬಯಲಾಟದ ಮೇಳಗಳ ಬದುಕಿನಂತೆಯೇ. ಊರಿಂದ ಊರಿಗೆ ಬಸ್ಸಿನಲ್ಲಿ ಪ್ರವಾಸ. ಲೀಗಿನ ಆಟದಿಂದ ಮಾತ್ರ ಹೊಟ್ಟೆ ತುಂಬುತ್ತಿರಲಿಲ್ಲ. ಹಾದಿಯಲ್ಲಿ ಸಿಕ್ಕ ಊರಿನ ತಂಡದ ಕೂಡ ಆಡಬೇಕು, ಒಮ್ಮೊಮ್ಮೆ ದಿನಕ್ಕೆ ಎರಡು ಆಟ, ಮೂರು ಆಟ. ಬಹಳ ಊರುಗಳಲ್ಲಿ ಹೊಟೇಲಿನವರು ಒಳಗೆ ಬಿಡುತ್ತಿರಲಿಲ್ಲ. ಬಸ್ಸಿನಲ್ಲೇ ಊಟ, ಬಸ್ಸಿನಲ್ಲೇ ನಿದ್ದೆ. ಆದರೂ ಹೊಸದನ್ನು ಮಾಡಿದವರು ಇವರೇ. ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡ 1930ರಲ್ಲಿ ಲಾರಿಯ ಮೇಲೆ ದೀಪದ ಕಂಬ, ಕರೆಂಟಿನ ಯಂತ್ರ ಹೇರಿಕೊಂಡು ಹೋಗಿ ರಾತ್ರಿ ಆಟ ಆಡಿಸಿತು. ದುಡಿಯುವ ಜನ ಕೆಲಸ ಮುಗಿಸಿ ನೋಡಲು ಬಂದರು. ಬಿಳಿಯರ ದೊಡ್ಡ ಲೀಗಿನಲ್ಲಿ ರಾತ್ರಿ ಆಟ ಬಂದದ್ದು ಅದಕ್ಕೆ ಐದು ವರ್ಷದ ನಂತರ.

ಪಿಟ್ಸ್‌ಬರ್ಗ್ ಪಟ್ಟಣ ಉಕ್ಕಿನ ಕಾರಖಾನೆಗಳ ಊರು. ಅದರ ಪಕ್ಕದ ಹೋಮ್‌ಸ್ಟೆಡ್ ಎಂಬಲ್ಲಿ ಉಕ್ಕಿನ ಕೆಲಸಗಾರರೇ ಕಟ್ಟಿದ ತಂಡ ಬೆಳೆದು ಹೋಮ್‌ಸ್ಟೆಡ್ ಗ್ರೇಸ್ ಆಯಿತು. ಅದು 1943, 1944 ಮತ್ತು 1948ರಲ್ಲಿ ಕಪ್ಪು ಜನರ ವರ್ಲ್ಡ್ ಸೀರೀಸ್ ಗೆದ್ದಿತು. ಅದೇ ಪಟ್ಟಣದ ಇನ್ನೊಂದು ತಂಡ ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್. 1930ರ ದಶಕದಲ್ಲಿ ಆ ಒಂದೇ ತಂಡದಲ್ಲಿ ಸ್ಯಾಚೆಲ್ ಪೇಜ್, ಜಾಶ್ ಗಿಬ್ಸನ್, ಕೂಲ್ ಪಾಪಾ ಬೆಲ್, ಆಸ್ಕರ್ ಚಾರ್ಲ್‌ಸ್ಟನ್, ಜೂಡಿ ಜಾನ್ಸನ್ ಆಡುತ್ತಿದ್ದರು. ಐವರೂ ಮುಂದೆ ಕೂಪರ್ಸ್‌ಟೌನ್ ಊರಿನ ಹಾಲ್ ಆಫ್ ಫೇಮ್ ಎಂಬ ಗೌರವದ ಮನೆಗೆ ಸೇರಿದರು. 1933ರಿಂದ ಪ್ರತಿ ವರ್ಷ ಶಿಕಾಗೊದಲ್ಲಿ ಪೂರ್ವದವರು ಪಶ್ಚಿಮದವರು ಅಂತ ಒಂದು ದೊಡ್ಡ ಪಂದ್ಯ ನಡೆಯುತ್ತಿತ್ತು. 1943ರಲ್ಲಿ ಅದಕ್ಕೆ 50 ಸಾವಿರಕ್ಕಿಂತ ಹೆಚ್ಚು ಜನ ಸೇರಿದ್ದರು. ನಮ್ಮ ಕಡೆಯ ದೊಡ್ಡ ಜಾತ್ರೆಯನ್ನು ಕಣ್ಣ ಮುಂದೆ ತಂದುಕೊಳ್ಳಿರಿ.

ಈಗ ಒಬ್ಬೊಬ್ಬರದೇ ಹೇಳುತ್ತೇನೆ. ಸ್ಯಾಚೆಲ್ ಪೇಜ್ ಅಲಬಾಮಾ ಸೀಮೆಯ ಮೊಬೀಲ್ ಊರಿನವ, ಬಡವರ ಮಗ. ಸಣ್ಣವನಿದ್ದಾಗ ರೈಲು ಸ್ಟೇಶನ್ನಿನಲ್ಲಿ ಕೋಲಿಗೆ ಚೀಲ ಕಟ್ಟಿ ಹೊತ್ತು ಕಾಸು ಗಳಿಸುತ್ತಿದ್ದ, ಅದಕ್ಕೇ ಚೀಲ ಎಂಬ ಅರ್ಥದ ಆ ಹೆಸರು ಬಂತು ಅಂತ ಹೇಳುತ್ತಾರೆ. ಅವನು ಒಗೆದ ಚೆಂಡು ಕಣ್ಣಿಗೆ ಕಾಣೂದಿಲ್ಲ ಅಂತ ಆಡಿದವರ ಮಾತು. ಕೂಲ್ ಪಾಪಾ ಬೆಲ್ ಓಟಗಾರ. ಅವನ ಓಟದ ಬಗ್ಗೆ ಪೇಜ್ ಒಂದು ಕಥೆ ಹೇಳುತ್ತಿದ್ದ: ಬೆಲ್ ರಾತ್ರಿ ದೀಪದ ಗುಂಡಿ ಒತ್ತಿದರೆ, ಕೋಣೆ ಕತ್ತಲಾಗುವ ಮೊದಲೇ ಹಾಸಿಗೆಯೊಳಗೆ ಇರುತ್ತಿದ್ದ ಅಂತ! ಇಂಥ ಮಾತು ಕೇಳಿದರೆ ನಮ್ಮ ಹಾಡಿನ ಮೇಳದವರಿಗೆ ನಗು ಬರುತ್ತದೆ, ಯಾಕಂದ್ರ ನಾವೂ ಪೈಲವಾನರ ಮೇಲೆ ಹಾಡು ಕಟ್ಟುವಾಗ ಇದನ್ನೇ ಮಾಡ್ತೀವಿ. ಅದೇ ಬೆಲ್ ಆಟ ಬಿಟ್ಟ ಮೇಲೆ ಸೇಂಟ್ ಲೂಯಿಸ್ ನಗರಸಭೆಯ ಕಟ್ಟಡದಲ್ಲಿ ರಾತ್ರಿ ಕಾವಲುಗಾರನಾಗಿ ದುಡಿದ.

ಎಲ್ಲರಿಗಿಂತ ದೊಡ್ಡವ ಜಾಶ್ ಗಿಬ್ಸನ್. 1911ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ. ಅವನ ತಂದೆ ಉಕ್ಕಿನ ಕೆಲಸ ಹುಡುಕಿ ಪಿಟ್ಸ್‌ಬರ್ಗ್‌ಗೆ ಬಂದವ. 1930ರಲ್ಲಿ ಹೆಂಡತಿ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡಳು. ಆಗ ಗಿಬ್ಸನ್‌ಗೆ ಇನ್ನೂ 19 ತುಂಬಿರಲಿಲ್ಲ. ಅದೇ ವರ್ಷ ಅವನು ಗ್ರೇಸ್ ತಂಡ ಸೇರಿದ. ಕ್ಯಾಚರ್ ಕೆಲಸ ಮೈ ನುಗ್ಗು ಮಾಡುವಂಥಾದ್ದು, ಅದನ್ನು ಮಾಡಿಯೂ ಅವನಂತೆ ಹೊಡೆದವರು ಇಲ್ಲ. ಜನ ಅವನನ್ನು ಕಪ್ಪು ಬೇಬ್ ರೂತ್ ಅಂತ ಕರೆದರು. ಅವನ ಆಟ ನೋಡಿದ ಕೆಲವರು, ಹಾಗಲ್ಲ, ಬೇಬ್ ರೂತನೇ ಬಿಳಿ ಜಾಶ್ ಗಿಬ್ಸನ್ ಅಂದರು. 1943ರ ಸುರುವಿಗೆ ತಲೆಯ ಬೇನೆಯಿಂದ ಎಚ್ಚರ ತಪ್ಪಿ ಆಸ್ಪತ್ರೆ ಸೇರಿದ್ದ. ಎದ್ದು ಬಂದು ಅದೇ ವರ್ಷ ಜೀವಮಾನದ ಭಾರಿ ಆಟ ಆಡಿದ. 1947ರ ಜನವರಿ 20ರಂದು ತೀರಿಕೊಂಡ. ವಯಸ್ಸು 35.

ಮೂರು ತಿಂಗಳು ತುಂಬಿರಲಿಲ್ಲ, 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರುಕ್ಲಿನ್ ಡಾಜರ್ಸ್ ತಂಡದ ಅಂಗಿ ತೊಟ್ಟು ಮೈದಾನಕ್ಕೆ ಇಳಿದ. ಬಾಗಿಲು ತೆರೆಯಿತು. ತೆರೆದವ ಆ ತಂಡದ ಕಾರಭಾರಿ ಬ್ರಾಂಚ್ ರಿಕಿ. ರಾಬಿನ್ಸನ್ ಎಷ್ಟು ಬೈಗಳ ತಿಂದ, ಹೇಗೆ ಹಲ್ಲು ಕಚ್ಚಿ ಸಹಿಸಿದ ಎಂಬುದು ಜಗತ್ತಿಗೆ ಗೊತ್ತಿದೆ. ಇವತ್ತು ಅವನ 42ನೇ ನಂಬರನ್ನು ಯಾವ ತಂಡದಲ್ಲೂ ಬೇರೆಯವರಿಗೆ ಕೊಡುವುದಿಲ್ಲ.

ಆದರೆ ಇದರ ಇನ್ನೊಂದು ಮಗ್ಗಲನ್ನು ಯಾರೂ ಹೆಚ್ಚು ಹೇಳುವುದಿಲ್ಲ. ರಾಬಿನ್ಸನ್ 1945ರಲ್ಲಿ ಮೊನಾರ್ಕ್ಸ್ ತಂಡದಲ್ಲಿ ಆಡುತ್ತಿದ್ದ. ಅವನನ್ನು ಕರೆದುಕೊಂಡು ಹೋದ ರಿಕಿ ಆ ತಂಡಕ್ಕೆ ಒಂದು ಕಾಸೂ ಕೊಡಲಿಲ್ಲ. ಸಾಕಿದವರೊಬ್ಬರು, ಹೊಡಕೊಂಡು ಹೋದವರು ಇನ್ನೊಬ್ಬರು. ನೂವರ್ಕ್ ಈಗಲ್ಸ್ ತಂಡದ ಯಜಮಾನಿ ಎಫಾ ಮ್ಯಾನ್ಲಿ ಎಂಬ ಗಟ್ಟಿ ಹೆಣ್ಣುಮಗಳು ಮಾತ್ರ ಬಿಡಲಿಲ್ಲ. 1947ರಲ್ಲೇ ಕ್ಲೀವ್‌ಲ್ಯಾಂಡ್ ತಂಡ ಅವಳ ಆಟಗಾರ ಲ್ಯಾರಿ ಡೋಬಿಯನ್ನು ಕೇಳಿದಾಗ ರೊಕ್ಕ ಎಣಿಸಿಕೊಂಡೇ ಕಳಿಸಿದಳು. ಒಳ್ಳೊಳ್ಳೆಯ ಆಟಗಾರರು ದೊಡ್ಡ ಲೀಗಿಗೆ ಹೋದಂತೆ ಜನವೂ ಅವರ ಬೆನ್ನು ಹತ್ತಿದರು. 1948ರ ನಂತರ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ಸ್ವಲ್ಪ ದಿನಕ್ಕೆ ಗ್ರೇಸ್ ತಂಡವೂ ಮುಚ್ಚಿತು. ನ್ಯಾಯ ಸಿಕ್ಕಿತು, ಆದರೆ ನ್ಯಾಯ ಸಿಗದ ದಿನಗಳಲ್ಲಿ ನೆರಳು ಕೊಟ್ಟ ಮನೆ ಬಿದ್ದಿತು.

ಪೇಜ್‌ಗೆ ಮಾತ್ರ ಬಾಳಿನ ಸಂಜೆಯಲ್ಲಿ ಒಂದಿಷ್ಟು ಬೆಳಕು ಸಿಕ್ಕಿತು. 1948ರಲ್ಲಿ 42ನೇ ವಯಸ್ಸಿಗೆ ಕ್ಲೀವ್‌ಲ್ಯಾಂಡ್ ತಂಡ ಸೇರಿದ. ಬೇರೆಯವರು ಆಟ ಬಿಟ್ಟು ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಅದು. ಆ ವರ್ಷ ಆ ತಂಡ ವರ್ಲ್ಡ್ ಸೀರೀಸ್ ಗೆದ್ದಿತು. 1965ರಲ್ಲಿ 59 ವಯಸ್ಸಿನವ ಇನ್ನೊಮ್ಮೆ ದೊಡ್ಡ ಲೀಗಿನಲ್ಲಿ ಮೂರು ಇನಿಂಗ್ಸ್ ಚೆಂಡು ಒಗೆದ, ಒಂದು ರನ್ನೂ ಕೊಡಲಿಲ್ಲ.

ಇವರ ಪರವಾಗಿ ಮಾತು ಎತ್ತಿದವರಲ್ಲಿ ಒಬ್ಬ ಬಿಳಿಯ ಆಟಗಾರನೂ ಇದ್ದ. 1966ರಲ್ಲಿ ಟೆಡ್ ವಿಲಿಯಮ್ಸ್‌ನನ್ನು ಹಾಲ್ ಆಫ್ ಫೇಮಿಗೆ ಸೇರಿಸಿದಾಗ ಅವನು ತನ್ನ ಭಾಷಣದಲ್ಲಿ ಪೇಜ್ ಮತ್ತು ಗಿಬ್ಸನ್ ಹೆಸರು ಹಿಡಿದು, ಇಂಥವರೂ ಇಲ್ಲಿ ಇರಬೇಕು ಅಂದ. ತನ್ನ ಸನ್ಮಾನದ ದಿನ ಇನ್ನೊಬ್ಬರ ಹೆಸರು ಹೇಳಲು ದೊಡ್ಡ ಮನಸ್ಸು ಬೇಕು. 1971ರಲ್ಲಿ ಪೇಜ್, 1972ರಲ್ಲಿ ಗಿಬ್ಸನ್ ಒಳಗೆ ಸೇರಿದರು. ಗಿಬ್ಸನ್ ಸತ್ತು ಆಗಲೇ 25 ವರ್ಷ. ಅಷ್ಟೊತ್ತಿಗೂ ಅವನ ಗೋರಿಗೆ ಹೆಸರಿನ ಕಲ್ಲು ಇರಲಿಲ್ಲ. ಕಲ್ಲು ಬಿದ್ದದ್ದು 1975ರಲ್ಲಿ.

ಇನ್ನು ಲೆಕ್ಕದ ಮಾತು. ದೊಡ್ಡ ವಹಿಯಲ್ಲಿ ಇವರ ಆಟ ಇರಲಿಲ್ಲ, ಆದರೆ ಬರೆದವರು ಇರಲೇ ಇಲ್ಲ ಅಂತಲ್ಲ. ಕಪ್ಪು ಜನರು ತಾವೇ ನಡೆಸುತ್ತಿದ್ದ ಪಿಟ್ಸ್‌ಬರ್ಗ್ ಕುರಿಯರ್, ಶಿಕಾಗೊ ಡಿಫೆಂಡರ್ ಮುಂತಾದ ವಾರಪತ್ರಿಕೆಗಳು ಆಟದ ಲೆಕ್ಕ ಅಚ್ಚು ಹಾಕುತ್ತಿದ್ದವು. ಎಷ್ಟೋ ವರ್ಷ ಕೆಲವು ಜನ ಆ ಹಳೆಯ ಕಾಗದಗಳನ್ನು ಹುಡುಕಿ, ಒಂದೊಂದು ಆಟವನ್ನೂ ಕಾಳು ಆರಿಸಿದಂತೆ ಆರಿಸಿ ಕೂಡಿಸಿದರು. 2020ರ ಡಿಸೆಂಬರ್‌ನಲ್ಲಿ ದೊಡ್ಡ ಲೀಗಿನವರು, 1920ರಿಂದ 1948ರವರೆಗಿನ ಏಳು ಕಪ್ಪು ಲೀಗುಗಳೂ ದೊಡ್ಡ ಲೀಗುಗಳೇ ಅಂತ ಒಪ್ಪಿಕೊಂಡರು. 2024ರ ಮೇ ತಿಂಗಳಲ್ಲಿ 2,300ಕ್ಕೂ ಹೆಚ್ಚು ಆಟಗಾರರ ಲೆಕ್ಕವನ್ನು ವಹಿಗೆ ಸೇರಿಸಿದರು. ಸೇರಿಸಿ ನೋಡಿದರೆ ಎಲ್ಲರಿಗಿಂತ ಮೇಲೆ ಯಾರು? ಜಾಶ್ ಗಿಬ್ಸನ್. ಜೀವಮಾನದ ಲೆಕ್ಕ ಸಾವಿರಕ್ಕೆ 372, ಟೈ ಕಾಬ್‌ನನ್ನು ದಾಟಿ. ಬೇನೆಯಿಂದ ಎದ್ದು ಬಂದ 1943ರ ಆ ಒಂದು ವರ್ಷದ ಲೆಕ್ಕ ಸಾವಿರಕ್ಕೆ 466, ಯಾರೂ ಮುಟ್ಟದ ಅಂಕಿ.

ಇಲ್ಲಿ ಒಂದು ಗಂಟು ಇದೆ. ಹಾಲ್ ಆಫ್ ಫೇಮಿನ ಫಲಕದಲ್ಲಿ ಗಿಬ್ಸನ್ ಸುಮಾರು 800 ಹೋಮ್ ರನ್ ಹೊಡೆದ ಅಂತ ಕೆತ್ತಿದ್ದಾರೆ. ವಹಿಯಲ್ಲಿ ಸೇರಿದ ಲೆಕ್ಕ 200ನ್ನೂ ಮುಟ್ಟುವುದಿಲ್ಲ. ಯಾವುದು ಖರೆ? ವಹಿಗೆ ಬೇಕಾದದ್ದು ಲೀಗಿನ ಆಟ, ಅದೂ ಪುರಾವೆ ಸಿಕ್ಕ ಆಟ ಮಾತ್ರ. ಹಾದಿಯ ಮೇಲಿನ ಸಣ್ಣ ಊರಿನಲ್ಲಿ, ಹೊತ್ತು ಮುಳುಗುವಾಗ, ಗದ್ದೆಯ ಆಚೆ ಹೋಗಿ ಬಿದ್ದ ಚೆಂಡನ್ನು ಯಾರು ಬರೆದಾರು? ಅದನ್ನು ಅಂದು ನೋಡಿದ ಮಂದಿ ಬಾಯಲ್ಲಿ ಇಟ್ಟುಕೊಂಡರು. ಬಾಯಿಂದ ಬಾಯಿಗೆ ಹೋಗುವಾಗ ಒಂದು ಎರಡಾಗಿಯೂ ಇರಬಹುದು. ಹಾಡು ಹಿಗ್ಗಿಸುತ್ತದೆ, ವಹಿ ಕುಗ್ಗಿಸುತ್ತದೆ. ಆದರೆ 1947ರಿಂದ 2024ರವರೆಗೆ ಆ ಮನುಷ್ಯನನ್ನು ಸಾಯಗೊಡದೆ ಹಿಡಿದದ್ದು ಮಂದಿಯ ಬಾಯಿ. ಅವನನ್ನು ಮೇಲಿನ ಸಾಲಿಗೆ ಏರಿಸಿ, ಇಲ್ಲ ಅನ್ನುವವರ ಬಾಯಿ ಮುಚ್ಚಿಸಿದ್ದು ಹಳೆಯ ಕಾಗದ. ಎರಡರಲ್ಲಿ ಒಂದು ಇಲ್ಲದಿದ್ದರೂ ಅವನು ಅರ್ಧ ಮನುಷ್ಯನಾಗಿ ಉಳಿಯುತ್ತಿದ್ದ.

ಬಾಯಿಂದ ಹೇಳುತ್ತಾ ಬಂದವರಲ್ಲಿ ಬಕ್ ಓನೀಲ್ ಮುಖ್ಯ. ಮೊನಾರ್ಕ್ಸ್ ತಂಡದ ಆಟಗಾರ, ಆಮೇಲೆ ಅದರ ನಾಯಕ. ಮುದುಕನಾದ ಮೇಲೆ ಊರೂರು ತಿರುಗಿ ತನ್ನ ಗೆಳೆಯರ ಕಥೆ ಹೇಳಿದ. 1990ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಆ ಲೀಗುಗಳ ವಸ್ತುಸಂಗ್ರಹಾಲಯ ಏಳಲು ಅವನ ದುಡಿಮೆ ದೊಡ್ಡದು. 2006ರಲ್ಲಿ ಆ ಕಾಲದ 17 ಜನರನ್ನು ಹಾಲ್ ಆಫ್ ಫೇಮಿಗೆ ಒಟ್ಟಿಗೆ ಸೇರಿಸಿದರು. ಎಫಾ ಮ್ಯಾನ್ಲಿಯೂ ಅದರಲ್ಲಿದ್ದಳು, ಆ ಮನೆ ಸೇರಿದ ಮೊದಲ ಹೆಣ್ಣು ಅವಳೇ. ಓನೀಲನ ಹೆಸರು ಮಾತ್ರ ಬಿಟ್ಟುಹೋಯಿತು. 94 ವರ್ಷದ ಮುದುಕ ಮುನಿಸಿಕೊಳ್ಳಲಿಲ್ಲ. ಸತ್ತ ಗೆಳೆಯರ ಪರವಾಗಿ ಅದೇ ವೇದಿಕೆ ಹತ್ತಿ ಮಾತಾಡಿದ, ಕೊನೆಗೆ ಕೂತವರೆಲ್ಲ ಕೈ ಕೈ ಹಿಡಿದು ತನ್ನ ಜೊತೆ ಹಾಡುವಂತೆ ಮಾಡಿದ. ಅದೇ ವರ್ಷ ತೀರಿಕೊಂಡ. 2022ರಲ್ಲಿ ಅವನ ಹೆಸರೂ ಒಳಗೆ ಸೇರಿತು.

ಶಾಲೆಯ ಮಾಸ್ತರರಲ್ಲಿ, ಬಾಯಿಯವರಲ್ಲಿ ನನ್ನದೊಂದು ವಿನಂತಿ. ನಮ್ಮ ಕಡೆ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದೆ, ಶಾಲೆಯಲ್ಲಿ ಕಬಡ್ಡಿ, ಖೋಖೋ ನಡೆಯುತ್ತದೆ. ಯಾರು ಗೆದ್ದರು, ಯಾರು ಸೋತರು, ಎಷ್ಟು ಅಂಕ, ಯಾವ ತಾರೀಖು ಅಂತ ಒಂದು ವಹಿಯಲ್ಲಿ ಬರೆದು ಈ ವಾಚನಾಲಯದ ಕಪಾಟಿನಲ್ಲಿ ಇಡ್ರಿ. ಹುಡುಗಿಯರ ಆಟಾನೂ ಬರೀರಿ. ಯಾವ ಓಣಿಯವರು ಅಂತ ನೋಡಿ ಯಾರ ಹೆಸರೂ ಬಿಡಬ್ಯಾಡ್ರಿ. ಹಾಡು ಕಟ್ಟೂದನ್ನು ನಮಗ ಬಿಡ್ರಿ.