ಎರೆನಾಡಿನ ಹತ್ತಿ, ಕುಮಟೆಯ ಹಡಗು

ರೋಣ, ನರಗುಂದ, ಗಜೇಂದ್ರಗಡದ ಎರೆ ಹೊಲಗಳಿಂದ ಕಡಲು ನೂರೈವತ್ತು ಕಿಲೋಮೀಟರಿಗೂ ದೂರ. ಆದರೂ ಈ ಸೀಮೆಯ ಜವಾರಿ ಹತ್ತಿ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನ ಪೇಟೆಯಲ್ಲಿ ಮಾರಾಟವಾದದ್ದು ಒಂದು ಬಂದರಿನ ಹೆಸರಿನಲ್ಲಿ, ಕುಮಟಾ ಹತ್ತಿ ಎಂದು. ಹತ್ತಿ ತುಂಬಿದ ಅಂಡಿಗೆಗಳು ಚಕ್ಕಡಿ ಏರಿ ಘಟ್ಟ ಇಳಿಯುತ್ತಿದ್ದವು. ಕುಮಟೆಯಲ್ಲಿ ಪತ್ತೆಮಾರಿ, ಮಚವೆ ಎಂಬ ಹಾಯಿಹಡಗುಗಳ ಹೊಟ್ಟೆ ಸೇರಿ ಮುಂಬಯಿಗೆ ಸಾಗುತ್ತಿದ್ದವು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಆಡಳಿತಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನ ಮೂಲಕ ಹತ್ತಿ ಸಾಗಿಸುವ ಆಸೆ ಇತ್ತು. ಹಾಗಾಗಿ ಹಳೆಯ ಹಡಗು ಏಕೆ ಮುಳುಗುತ್ತದೆ, ಮುಳುಗಿದ್ದನ್ನು ಎತ್ತಬಹುದೇ ಎಂಬ ಪ್ರಶ್ನೆ ಬಯಲುಸೀಮೆಗೆ ಪರಕೀಯವಲ್ಲ. ನನ್ನ ವಾದ ಇಷ್ಟು: ಹಳೆಯ ಹಡಗನ್ನು ಮುಳುಗಿಸುವುದು ಬಹುಪಾಲು ಬಿರುಗಾಳಿಯಲ್ಲ, ನಿಂತುಹೋದ ದುರಸ್ತಿ. ದುರಸ್ತಿ ನಿಲ್ಲುವುದು ಹಡಗಿನ ದುಡಿಮೆ ಬತ್ತಿದಾಗ.

ಮರದ ಹಡಗು ಹಲಗೆಗಳ ಜೋಡಣೆ. ಹಲಗೆ ಹಲಗೆಯ ನಡುವಿನ ಸಂದಿಗೆ ಎಣ್ಣೆ, ರಾಳದಲ್ಲಿ ನೆನೆಸಿದ ಹತ್ತಿಯ ಎಳೆಯನ್ನು ಉಳಿಯಿಟ್ಟು ಕೊಡತಿಯಿಂದ ಬಡಿದು ತುಂಬುತ್ತಾರೆ. ನೀರಿಗಿಳಿದ ಮೇಲೆ ಮರ ಉಬ್ಬಿ ಆ ಎಳೆಯನ್ನು ಕಚ್ಚಿ ಹಿಡಿಯುತ್ತದೆ. ಅಂಡಿಗೆಯಲ್ಲಿ ಸರಕಾಗಿದ್ದ ಹತ್ತಿಯೇ ಸಂದಿಯಲ್ಲಿ ಕಾವಲು ಕೂತಿರುತ್ತಿತ್ತು. ಈ ಕೆಲಸ ಒಮ್ಮೆಗೆ ಮುಗಿಯುವಂಥದ್ದಲ್ಲ. ಮಳೆಗಾಲಕ್ಕೆ ದಡಕ್ಕೆಳೆದ ಹಡಗಿನ ಸಡಿಲ ಹತ್ತಿ ಕಿತ್ತು ಹೊಸದು ತುಂಬಬೇಕು, ತಳಕ್ಕೆ ಸುಣ್ಣ ಮತ್ತು ಕೊಬ್ಬಿನ ಲೇಪ ಬಳಿಯಬೇಕು; ಇಲ್ಲದಿದ್ದರೆ ಕಡಲ ಹುಳು ಮರದೊಳಗೆ ಸುರಂಗ ಕೊರೆಯುತ್ತದೆ. ಹೊರಗೆ ಹಲಗೆ ಗಟ್ಟಿಯಾಗಿ ಕಂಡರೂ ಒಳಗೆ ಜೇನುಹುಟ್ಟಿನಂತೆ ಟೊಳ್ಳು. ಕಬ್ಬಿಣದ ಮೊಳೆಯೂ ಉಪ್ಪುನೀರಿಗೆ ಸವೆದು, ತನ್ನ ಸುತ್ತಲಿನ ಮರವನ್ನೂ ಕೊಳೆಸುತ್ತದೆ.

ಎಂಜಿನ್ ಬಂದ ಮೇಲೆ ಅಪಾಯದ ಬಾಗಿಲುಗಳು ಹೆಚ್ಚಾದವು. ಪ್ರೊಪೆಲ್ಲರಿನ ದಂಡ ಹೊರಹೋಗುವ ತೂತು, ಎಂಜಿನ್ ತಣಿಸಲು ನೀರೆಳೆಯುವ ಕೊಳವೆ ಎರಡೂ ನೀರಿನ ಮಟ್ಟಕ್ಕಿಂತ ಕೆಳಗೇ ಇರುತ್ತವೆ. ಒಂದು ಮೀಟರ್ ಆಳದಲ್ಲಿ ಐದು ಸೆಂಟಿಮೀಟರ್ ಅಗಲದ ಕೊಳವೆ ಬಾಯಿಬಿಟ್ಟರೆ ಗಂಟೆಗೆ ಸುಮಾರು 18 ಸಾವಿರ ಲೀಟರ್ ನೀರು ಒಳನುಗ್ಗುತ್ತದೆ. ಎಂಜಿನ್ನಿನ ನಡುಕ ಬೇರೆ, ಹಳೆಯ ಸಂದಿಗಳನ್ನು ದಿನವೂ ಸಡಿಲಿಸುತ್ತದೆ. ದಡದಲ್ಲಿ ಸುಮ್ಮನೆ ಕಟ್ಟಿಹಾಕಿದ ಯಂತ್ರದೋಣಿ ರಾತ್ರಿ ಬೆಳಗಾಗುವಷ್ಟರಲ್ಲಿ ತಳ ಸೇರುವುದು ಹೀಗೆ.

ಬಿರುಗಾಳಿಗೆ ಮುಳುಗಿದ ಹಡಗುಗಳಿಲ್ಲವೇ ಎಂದು ಕೇಳಬಹುದು. ಇವೆ. ಆದರೆ ಪಶ್ಚಿಮ ಕರಾವಳಿಯ ಹಾಯಿಹಡಗುಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲಿಗೇ ಇಳಿಯುತ್ತಿರಲಿಲ್ಲ. ಗಾಳಿಯ ಲೆಕ್ಕ ಹಾಕಿಯೇ ಕಟ್ಟಿದ ಕಸುಬು ಅದು. ಅದೇ ಗಾಳಿ ಹೊಸ ಹಡಗನ್ನೂ ಬಡಿಯುತ್ತದೆ, ಮೊದಲು ಬಿರುಕು ಬಿಡುವುದು ಮಾತ್ರ ಹಳೆಯದು. ಉಕ್ಕಿನ ಹಡಗಿಗೆ ಈ ಕಾಟವಿಲ್ಲ ಎಂಬ ಮಾತೂ ನಿಲ್ಲುವುದಿಲ್ಲ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ತಳಕ್ಕೆ ಕೂತ ಪ್ರಿನ್ಸೆಸ್ ಮಿರಾಲ್ ಉಕ್ಕಿನದೇ, ಒಳಗೆ ನೀರು ನುಗ್ಗಿಯೇ ಅದು ಕೆಟ್ಟದ್ದು. ನನ್ನ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯ ರೈಲಿನದು. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ಹಳಿ ಬಂತು. ರೋಣ ತಾಲೂಕಿನ ಹೊಳೆ ಆಲೂರಿನಲ್ಲೇ ಹತ್ತಿ ರೈಲು ಹತ್ತುವಂತಾಯಿತು. ಮುಂದೆ ಮಾರ್ಮಗೋವಾ ಬಂದರಿಗೂ ಹಳಿ ಕೂಡಿತು. ಕುಮಟೆಯ ಹಡಗಿನ ಬಾಡಿಗೆ ಬಿತ್ತು. ಬಾಡಿಗೆ ಇಲ್ಲದವನು ಹೊಸ ಹಲಗೆಗೆ ಸಾಗುವಾನಿ ಎಲ್ಲಿಂದ ತಂದಾನು?

ಎತ್ತಬಹುದೇ ಎಂಬುದಕ್ಕೆ ಉತ್ತರ ಆಳದಲ್ಲಿದೆ, ಸರಕಿನಲ್ಲಿದೆ. ಅಳಿವೆಯೊಳಗೆ ಮುಳುಗಿದ ಮರದ ಹಡಗನ್ನು ಇಳಿತದ ಹೊತ್ತಿಗೆ ಎರಡು ಬದಿಯ ದೋಣಿಗಳಿಗೆ ಹಗ್ಗದಿಂದ ಬಿಗಿದರೆ, ಭರತವೇ ಅದನ್ನು ನೆಲದಿಂದ ಬಿಡಿಸುತ್ತದೆ. ಇಲ್ಲಿ ಕಡಲು ಏರುವುದು ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು, ಆದ್ದರಿಂದ ಹಲವು ಭರತಗಳಲ್ಲಿ ತುಸುತುಸುವೇ ದಡದತ್ತ ಸರಿಸಬೇಕು. ನೀರು ಕುಡಿದ ಹತ್ತಿ ತುಂಬಿದ್ದರೆ ಮೊದಲು ಅದನ್ನು ಹೊರಹಾಕದೆ ಗತಿಯಿಲ್ಲ. ತೆರೆಗಡಲಿನಲ್ಲಿ ಈ ಉಪಾಯ ನಡೆಯದು. ಮಂಗಳೂರಿನಿಂದ ಲಕ್ಷದ್ವೀಪಕ್ಕೆ ಸಿಮೆಂಟು ಹೊತ್ತು ಹೊರಟ ಸಲಾಮತ್ ಎಂಬ ಹಡಗು 2025ರ ಮೇ ತಿಂಗಳಲ್ಲಿ ಮುಳುಗಿದ್ದು ಸುಮಾರು 60 ನಾಟಿಕಲ್ ಮೈಲಿ ಆಚೆ. ಕರಾವಳಿ ಕಾವಲು ಪಡೆ ಅದರ ಆರು ಮಂದಿಯನ್ನು ಉಳಿಸಿತು, ಅದು ದೊಡ್ಡ ಮಾತು. ಹಡಗನ್ನು ಎತ್ತುವ ಖರ್ಚನ್ನು ಅಂಥ ಹಡಗಿನ ಬೆಲೆ ಎಂದೂ ತೀರಿಸದು. ಧಕ್ಕೆಯ ಪಕ್ಕದಲ್ಲೇ ಮುಳುಗಿದ ಮಂಜಿಯಂಥ ಮರದ ಹಡಗಾದರೆ ಲೆಕ್ಕವೇ ಬೇರೆ. ತಳದ ಹಲಗೆಗೆ ಚೂರಿ ಚುಚ್ಚಿದಾಗ ಮರ ತಡೆದರೆ ತೂತು ಮುಚ್ಚಿ ಪಂಪು ಹಚ್ಚಬಹುದು. ಚೂರಿ ಸಲೀಸಾಗಿ ಇಳಿದರೆ ಬಿಟ್ಟುಬಿಡುವುದೇ ಲೇಸು. ಎಂಜಿನ್ನನ್ನು ಮಾತ್ರ ಬಿಚ್ಚುವ ಕೈ, ಸಿಹಿನೀರು, ಡೀಸೆಲ್ ಸಿದ್ಧವಾಗುವ ಮೊದಲು ಹೊರತೆಗೆಯಬಾರದು. ಉಪ್ಪುನೀರು ಕುಡಿದ ಕಬ್ಬಿಣ ನೀರಿನೊಳಗಿಗಿಂತ ಗಾಳಿಗೆ ಬಂದ ಮೇಲೆ ಬೇಗ ತುಕ್ಕು ಹಿಡಿಯುತ್ತದೆ.