ಮೂಗುದಾರ ಇಲ್ಲದ ಕರಡಿ

ನನ್ನ ಹೆಂಡತಿಯ ತವರು ಕಂಪ್ಲಿ. ಅಲ್ಲಿಗೆ ಹೋದಾಗಲೆಲ್ಲ ಅತ್ತೆ ಮಾಡಿದ ಜೋಳದ ರೊಟ್ಟಿ, ಎಣ್ಣೆಗಾಯಿ ತಿಂದು ಮಲಗುವುದೇ ನನ್ನ ವೀಕೆಂಡು. ಈ ಸಲ ಮಾತ್ರ ಅವಳು ಬಿಡಲಿಲ್ಲ. "ಶನಿವಾರ ಹಂಪಿ ನಿಂದು, ಭಾನುವಾರ ಕರಡಿ ನಂದು" ಅಂದಳು. ಭಾವನ ಹಳೇ ಬೈಕು ಸಿಕ್ಕಿತು. ಎರಡು ದಿನ, ಎರಡು ಜನ, ಒಂದು ನೀರಿನ ಬಾಟ್ಲಿ :-)

ಕರಡಿ ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದು ಬರೀ ಟೂರ್ ಕಥೆ ಆಗಿಬಿಡುತ್ತದೆ.

ಅವಳಿಗೆ ಐದೋ ಆರೋ ವರ್ಷ. ರಾತ್ರಿ ನಿದ್ದೆಯಲ್ಲಿ ಬೆಚ್ಚಿ ಬೀಳುತ್ತಿದ್ದಳಂತೆ. ಬೀದಿಗೆ ಕರಡಿ ಕುಣಿಸುವವನು ಬಂದಾಗ ಅಜ್ಜಿ ಒಂದು ಸೇರು ಜೋಳ ಕೊಟ್ಟು ಮೊಮ್ಮಗಳನ್ನು ಕರಡಿಯ ಬೆನ್ನ ಮೇಲೆ ಕೂರಿಸಿದರು. ಮೂರು ಸುತ್ತು. ಆಮೇಲೆ ಕರಡಿಯ ನಾಲ್ಕು ಕೂದಲು ಕಿತ್ತು ತಾಯಿತದಲ್ಲಿಟ್ಟು ಕೊರಳಿಗೆ ಕಟ್ಟಿದರು. ಆಗ ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇದು ಮಾಮೂಲು. ನಿಮ್ಮಲ್ಲೂ ಕೆಲವರು ಕೂತಿರಬಹುದು. ಆದರೆ ಇವಳು ಬೆನ್ನ ಮೇಲಿಂದ ನೋಡಿದ್ದು ಒಂದೇ. ಕರಡಿಯ ಮೂತಿಯನ್ನು ತೂತು ಮಾಡಿ ಪೋಣಿಸಿದ ಹಗ್ಗ, ಅದರ ಸುತ್ತ ಕೂತ ನೊಣ. ಭಯ ಹೋಯಿತೋ ಇಲ್ಲವೋ, ಆ ಹಗ್ಗ ಮಾತ್ರ ಹೋಗಲಿಲ್ಲ. "ಒಮ್ಮೆ ಹಗ್ಗ ಇಲ್ಲದ ಕರಡೀನ ನೋಡ್ಬೇಕು" ಅಂತ ಮದುವೆಯಾದ ಹೊಸದರಲ್ಲೇ ಹೇಳಿದ್ದಳು. ನಾನು ಮುಂದಿನ ಸಲ, ಮುಂದಿನ ಸಲ ಅಂತ ಹನ್ನೊಂದು ವರ್ಷ ತಳ್ಳಿದ್ದೆ.

ಇರಲಿ, ಶನಿವಾರಕ್ಕೆ ಬರೋಣ.

ಬೆಳಿಗ್ಗೆ ಕಂಪ್ಲಿ ಹೊಳೆಯ ದಂಡೆಗೆ ಹೋದೆವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಅತ್ತೆ ಫೋನು ಮಾಡಿ "ಹೊಳಿ ಬಂದೈತಿ" ಅಂದಿದ್ದು ಇದೇ ಹೊಳೆಯ ಬಗ್ಗೆ. ಈಗ ಶಾಂತವಾಗಿತ್ತು. ಬಂಡೆಯೊಂದರ ಮೇಲೆ ಮೀನಿನ ಹೊಪ್ಪಳೆ ತುಂಬಿದ ಒಣ ಹಿಕ್ಕೆ ಬಿದ್ದಿತ್ತು. "ನೀರ್ನಾಯಿದು" ಅಂದ ಹರಿಗೋಲಿನವನು. ನೀರುನಾಯಿಗಳು ಊರಿದ್ದಂತೆ ಗುಂಪಾಗಿ ಬದುಕುತ್ತವೆ, ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ ಗಡಿ ಗುರುತು ಮಾಡಿಕೊಳ್ಳುತ್ತವೆ. 2015ರಲ್ಲಿ ಸರ್ಕಾರ ಅಣೆಕಟ್ಟಿನ ಕೆಳಗಿನ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿಗಳ ಸಂರಕ್ಷಣಾ ಮೀಸಲು ಅಂತ ಘೋಷಿಸಿತು. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ಎತ್ತುವುದು, ಇವೆರಡೇ ಅವುಗಳ ದೊಡ್ಡ ಶತ್ರು. ಮೀನುಗಾರರಿಗೆ ನೀರುನಾಯಿ ಅಂದರೆ ಬಲೆ ಹರಿಯುವ ಕಳ್ಳ. ಆ ಹೊಟ್ಟೆಪಾಡೂ ಸುಳ್ಳಲ್ಲ. ಅರ್ಧ ಗಂಟೆ ಕಾದೆವು. ಒಂದೂ ತಲೆ ಎತ್ತಲಿಲ್ಲ.

ಕಾಯುವಾಗ ಅವಳಿಗೆ ಅವಳ ಊರಿನ ಕಥೆಯನ್ನೇ ಹೇಳಿದೆ. (ಗಂಡಸರ ಕೆಟ್ಟ ಚಟ, ಗೊತ್ತು.) ವಿಜಯನಗರಕ್ಕೂ ಮೊದಲು ಇಲ್ಲೊಂದು ರಾಜ್ಯವಿತ್ತು. ಗಂಡುಗಲಿ ಕುಮಾರರಾಮನ ಅಪ್ಪ ಕಂಪಿಲರಾಯನದು. ದೆಹಲಿಯ ಮಹಮದ್ ಬಿನ್ ತುಘಲಕ್ ವಿರುದ್ಧ ದಂಗೆ ಎದ್ದ ಅವನ ಸೋದರ ಸಂಬಂಧಿ ಬಹಾವುದ್ದೀನ್ ಗುರ್ಷಾಸ್ಪ್ ಓಡಿಬಂದು ಕಂಪಿಲರಾಯನ ಮರೆಹೊಕ್ಕ. ಬೆನ್ನಟ್ಟಿ ಬಂದ ಸೈನ್ಯಕ್ಕೆ ರಾಯ ಅವನನ್ನು ಒಪ್ಪಿಸಲಿಲ್ಲ. ತನ್ನಿಂದ ಆಗದು ಅನ್ನಿಸಿದಾಗ ಮುಂದಿನ ರಾಜನ ಹತ್ತಿರ ಕಳಿಸಿಕೊಟ್ಟು, ತಾನು ಹೋರಾಡಿ ಸತ್ತ. 1327ಕ್ಕೆ ರಾಜ್ಯ ಮುಗಿಯಿತು. ಮೊರಾಕ್ಕೋದ ಪ್ರವಾಸಿ ಇಬ್ನ್ ಬತೂತ ಇದನ್ನು ಬರೆದಿಟ್ಟಿದ್ದಾನೆ. "ನೋಡಿದ್ಯಾ, ನಮ್ಮೂರೋರು ಮರೆ ಬಂದೋರ್ನ ಬಿಟ್ಟುಕೊಡಲ್ಲ" ಅಂದಳು ಇವಳು. ಆ ಮಾತನ್ನು ನಾನು ಭಾನುವಾರ ಸಂಜೆ ನೆನಪಿಸಿಕೊಂಡೆ.

ಮಧ್ಯಾಹ್ನ ಹಂಪಿ. ನಾನು ನಾಲ್ಕೈದು ಸಲ ನೋಡಿದ್ದೇನೆ. ಇವಳ ಜೊತೆ ಮೊದಲ ಸಲ "ಬರೀ ಪ್ರಾಣಿ ಹುಡುಕೋಣ" ಅಂತ ಹೋದೆ. ಅಬ್ಬಾ! ಈ ಊರಿನ ಇತಿಹಾಸ ಶುರುವಾಗುವುದೇ ಒಂದು ಪ್ರಾಣಿಯಿಂದ. ಬೇಟೆಗೆ ಬಂದ ರಾಜನ ನಾಯಿಗಳ ಮೇಲೆ ಮೊಲ ತಿರುಗಿಬಿದ್ದ ಜಾಗದಲ್ಲಿ ಪಟ್ಟಣ ಕಟ್ಟು ಅಂತ ಋಷಿ ಹೇಳಿದ ಕಥೆ ಎಲ್ಲರಿಗೂ ಗೊತ್ತು. 1535ರ ಸುಮಾರಿಗೆ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಕೂಡ ಇದನ್ನೇ ಕೇಳಿ ಬರೆದ. ರಾಜ್ಯದ ಲಾಂಛನ ಹಂದಿ, ಅಂದರೆ ವರಾಹ. ನಾಣ್ಯಕ್ಕೂ ಅದೇ ಹೆಸರು. ಕಿಷ್ಕಿಂಧೆಯ ಕಾಲಕ್ಕೆ ಹೋದರೆ ಕೋತಿ, ಜೊತೆಗೆ ಜಾಂಬವಂತ.

ಮಹಾನವಮಿ ದಿಬ್ಬದ ಕಲ್ಲುಗಳನ್ನು ಸುತ್ತಿ ನೋಡಿ. ಸಾಲು ಸಾಲು ಆನೆ, ಕುದುರೆ, ಒಂಟೆ, ಜಿಂಕೆ ಬೆನ್ನಟ್ಟುವ ಬೇಟೆಗಾರರು. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿ ಸಾವಿರಕ್ಕೂ ಮಿಕ್ಕಿ ಆನೆಗಳಿದ್ದವು ಅಂದ. ಹನ್ನೊಂದು ಕೋಣೆಗಳ ಗಜಶಾಲೆ ಈಗಲೂ ನಿಂತಿದೆಯಲ್ಲ. ರಾಯರು ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದರು ಅಂತ ನೂನಿಜ್ ಲೆಕ್ಕ ಕೊಡುತ್ತಾನೆ. ವ್ಯಾಪಾರಿಯಾದವನು ಉತ್ಪ್ರೇಕ್ಷೆ ಮಾಡಿರಬಹುದು, ಆದರೆ ಅವನ ಕಸುಬೇ ಅದು. ಇಲ್ಲಿನ ಸಂತೆಯಲ್ಲಿ ಗುಬ್ಬಿ, ಇಲಿ, ಬೆಕ್ಕು, ಹಲ್ಲಿಯನ್ನೂ ಜೀವಂತವಾಗಿ ಮಾರುತ್ತಿದ್ದರು ಅಂತಲೂ ಬರೆದಿದ್ದಾನೆ. 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಮಹಾನವಮಿ ಹಬ್ಬದ ಕೊನೆಯ ದಿನ 250 ಕೋಣ, 4,500 ಕುರಿ ಬಲಿ ಕೊಟ್ಟದ್ದನ್ನು ಎಣಿಸಿದ್ದಾನೆ.

ದಿಬ್ಬದ ಮೇಲೆ ಕೂತು ಇದನ್ನೆಲ್ಲ ಹೇಳಿ ಮುಗಿಸಿದಾಗ ಇವಳು ಕೇಳಿದಳು. "ಹಂಗಾರೆ ಇಲ್ಲಿ ಪ್ರಾಣಿ ಅಂದ್ರೆ ಹೊಡಿಯೋಕೆ, ಹತ್ತೋಕೆ, ಕಡಿಯೋಕೆ. ಸುಮ್ನೆ ನೋಡೋಕೆ ಯಾರೂ ಬಂದಿರಲಿಲ್ವಾ?"

ಉತ್ತರ ಹೊಳೆಯಲಿಲ್ಲ. ಆಮೇಲೆ ಒಬ್ಬ ನೆನಪಾದ. 1565ರ ತಾಳಿಕೋಟೆ ಯುದ್ಧದ ನಂತರ, 1567ರಲ್ಲಿ, ವೆನಿಸ್ಸಿನ ಸೀಸರ್ ಫ್ರೆಡೆರಿಕ್ ಇಲ್ಲಿಗೆ ಬಂದ. ಮನೆಗಳು ನಿಂತಿವೆ, ಖಾಲಿ, ಒಳಗೆ ಹುಲಿ ಮತ್ತಿತರ ಕಾಡುಮೃಗಗಳೇ ವಾಸಿಸುತ್ತಿವೆಯಂತೆ ಅಂತ ಬರೆದ. ಎರಡೇ ಎರಡು ವರ್ಷ! ಇನ್ನೂರು ವರ್ಷ ಆನೆ ಕಟ್ಟಿ, ಕುದುರೆ ಕೊಂಡು ಮೆರೆದ ಊರಿಗೆ ಕಾಡು ವಾಪಸ್ ಬರಲು ಎರಡು ವರ್ಷ ಸಾಕಾಯಿತು. ನಾವು ಅದನ್ನು ಹಾಳು ಹಂಪಿ ಅನ್ನುತ್ತೇವೆ. ಹುಲಿಯ ಕಡೆಯಿಂದ ನೋಡಿದರೆ ಅದು ಗೃಹಪ್ರವೇಶ. ಈಗ ಹುಲಿ ಇಲ್ಲ. ಚಿರತೆಗಳಿವೆ, ಕರಡಿಗಳಿವೆ. ಅವು ನಾವು ಬಂದ ಮೇಲೆ ಬಂದ ನೆಂಟರಲ್ಲ.

ಭಾನುವಾರ ಹೊಸಪೇಟೆ ದಾಟಿ ಸಂಡೂರಿನ ಕಡೆ ಹೊರಟೆವು. ಹೊಸಪೇಟೆ ಹುಟ್ಟಿದ್ದೇ ಪ್ರೀತಿಯಿಂದ ಅಂತಾರೆ. ಕೃಷ್ಣದೇವರಾಯ ತಾನು ಮೆಚ್ಚಿದವಳ ಹೆಸರಲ್ಲಿ ಕಟ್ಟಿದ ನಾಗಲಾಪುರವೇ ಇದು. "ನೀನು ಒಂದು ಸೈಟೂ ತಗೊಂಡಿಲ್ಲ" ಅಂತ ಹಿಂದಿನಿಂದ ಬಂತು. ಗೇರು ಬದಲಾಯಿಸಿದೆ :-) ಊರಾಚೆ ರಾಯರ ಕೆರೆಯ ಏರಿ ಸಿಗುತ್ತದೆ. ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ಭಾರಿ ಒಡ್ಡು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಕೆಲಸ ಮಾಡುತ್ತಿದ್ದುದನ್ನು ಪಾಯೆಸ್ ಕಣ್ಣಾರೆ ನೋಡಿದ. ಒಡ್ಡು ಮತ್ತೆ ಮತ್ತೆ ಒಡೆದಾಗ ಮರಣದಂಡನೆಗೆ ಗುರಿಯಾದ 60 ಜನರನ್ನೂ, ಜೊತೆಗೆ ಕುದುರೆ, ಕೋಣಗಳನ್ನೂ ಬಲಿ ಕೊಟ್ಟರಂತೆ. ಪ್ರೀತಿಯ ಊರಿನ ಕೆರೆಯ ಕಥೆ ಇದು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಸಂಡೂರು ಕಣಿವೆ ಮಳೆಗಾಲ ಮುಗಿಯುವಾಗ ಮಲೆನಾಡಿನ ತಮ್ಮನ ಹಾಗೆ ಕಾಣುತ್ತದೆ. ಘೋರ್ಪಡೆ ಮನೆತನದ ಪುಟ್ಟ ಸಂಸ್ಥಾನವಾಗಿತ್ತು ಇದು. ಸ್ವಾಮಿಮಲೆಯ ಪಾರ್ವತಿ ಮತ್ತು ಕುಮಾರಸ್ವಾಮಿ ಗುಡಿಗಳು ಸಾವಿರ ವರ್ಷಕ್ಕೂ ಹಳೆಯವು. 1932ರಲ್ಲಿ ಇಲ್ಲಿನ ರಾಜರು ಗುಡಿಯನ್ನು ದಲಿತರಿಗೆ ತೆರೆದರು, 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಗುಡ್ಡದ ಹಸಿರಿನ ಕೆಳಗೇ ಕಬ್ಬಿಣದ ಅದಿರು. 2000ದ ನಂತರ ಚೀನಾದಲ್ಲಿ ಅದಿರಿನ ಬೆಲೆ ಏರಿದಾಗ ಈ ರಸ್ತೆಯಲ್ಲಿ ಲಾರಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ನಮ್ಮ ನಿಶ್ಚಿತಾರ್ಥಕ್ಕೆ ಬಂದ ಸಂಡೂರಿನ ನೆಂಟರೊಬ್ಬರ ಬಿಳಿ ಪಂಚೆ ಕೆಂಪಾಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಆಮೇಲೆ ಮಿತಿ ಹಾಕಿ, ಷರತ್ತು ಹಾಕಿ ಮತ್ತೆ ಶುರುವಾಯಿತು. ಗುಡ್ಡದ ನೆತ್ತಿ ಕತ್ತರಿಸಿದರೆ ಅಲ್ಲಿದ್ದ ಕರಡಿ ಎಲ್ಲಿಗೆ ಹೋಗಬೇಕು? ಕೆಳಗಿನ ಹೊಲಕ್ಕೆ. ಹೊಲದವನು ಎಲ್ಲಿಗೆ ಹೋಗಬೇಕು? ಇವೆರಡಕ್ಕೂ ಒಟ್ಟಿಗೆ ಉತ್ತರ ಹೇಳುವವರು ಕಡಿಮೆ.

ಸಂಜೆ ಹೊತ್ತಿಗೆ ದರೋಜಿ ಕರಡಿಧಾಮ ಸೇರಿದೆವು. 1994ರಲ್ಲಿ ಘೋಷಣೆಯಾದದ್ದು, ಆಮೇಲೆ ವಿಸ್ತರಿಸಿ ಈಗ ಸುಮಾರು 82 ಚದರ ಕಿಲೋಮೀಟರ್. ಆಗ ಇದು ಬೋಳು ಬಂಡೆ, ಕುರುಚಲು ಗಿಡ. ಬೇಲಿ ಹಾಕಿ, ಹಣ್ಣಿನ ಗಿಡ ನೆಟ್ಟು, ದನ ಕುರಿ ಮೇಯುವುದು ನಿಲ್ಲಿಸಿದ ಮೇಲೆ ಕಾಡು ಎದ್ದಿದೆ. ದಾರಿಯಲ್ಲೇ ನವಿಲು, ಒಂದು ಉಡ, ಬಿದಿರು ಬುಟ್ಟಿ ಬೋರಲು ಹಾಕಿದಂತೆ ಒಂದು ನಕ್ಷತ್ರ ಆಮೆ. ಎದುರಿನ ಕರಡಿಕಲ್ಲು ಗುಡ್ಡದ ಬಂಡೆಗಳ ಮೇಲೆ ಸಿಬ್ಬಂದಿ ಬೆಲ್ಲದ ಪಾಕ ಬಳಿದು ಬರುತ್ತಾರೆ. ನಾವು ದೂರದ ವೀಕ್ಷಣಾ ಗೋಪುರದಲ್ಲಿ ಕೂರಬೇಕು. ಸದ್ದು ಮಾಡಬಾರದು. ಇವಳು ನನ್ನ ಮೊಬೈಲು ಕಿತ್ತುಕೊಂಡು ಬ್ಯಾಗಿಗೆ ಹಾಕಿದಳು.

ಐದು ಗಂಟೆ ಸುಮಾರಿಗೆ ಬಂಡೆಯ ಸಂದಿಯಿಂದ ಒಂದು ಕಪ್ಪು ಮುದ್ದೆ ಉರುಳಿದಂತಾಯಿತು. ಬೈನಾಕ್ಯುಲರಿನಲ್ಲಿ ನೋಡಿದರೆ ತಾಯಿ ಕರಡಿ. ಬೆನ್ನ ಮೇಲೆ ಮರಿ! ಕರಡಿಯ ತಾಯಂದಿರು ಮರಿಗಳನ್ನು ಹೀಗೆ ತಿಂಗಳುಗಟ್ಟಲೆ ಹೊತ್ತು ತಿರುಗುತ್ತವೆ. ಇವಕ್ಕೆ ಮೇಲ್ದವಡೆಯ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಹೀರಿ ತಿನ್ನುತ್ತವೆ. ಕಣ್ಣು ಮಂದ, ಮೂಗು ಚುರುಕು. ಹತ್ತಿರ ಬರುವತನಕ ಮನುಷ್ಯ ಕಾಣುವುದಿಲ್ಲ, ಕಂಡಾಗ ಗಾಬರಿಯಾಗಿ ಮೇಲೆ ಬೀಳುತ್ತವೆ. ನಾವು ಅದಕ್ಕೆ ಕ್ರೂರ ಅಂತ ಹೆಸರಿಟ್ಟೆವು. ಮೂತಿ ತೂತು ಮಾಡಿ ಕುಣಿಸಿದವರಿಗೆ ಏನು ಹೆಸರಿಡಬೇಕು ಅಂತ ಯೋಚಿಸಿದರೆ, ಕುಣಿಸಿದವರೂ ಹೊಟ್ಟೆಗಿಲ್ಲದ ಕಲಂದರ್ ಕುಟುಂಬಗಳು, ಜೋಳ ಕೊಟ್ಟು ಕುಣಿಸಿ ಅಂದವರು ನಾವು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೂ ಮೂರು ದಶಕ ಅದು ನಡೆಯಿತು. 2005ರಲ್ಲಿ ಬನ್ನೇರುಘಟ್ಟದಲ್ಲಿ ಕರಡಿಗಳ ಪುನರ್ವಸತಿ ಕೇಂದ್ರ ಶುರುವಾಯಿತು. ಬೇರೆ ಕಸುಬಿಗೆ ನೆರವು ಪಡೆದು ಕಲಂದರರು ಒಂದೊಂದಾಗಿ ಕರಡಿಗಳನ್ನು ಒಪ್ಪಿಸಿದರು. 2009ರಲ್ಲಿ ರಾಜು ಅನ್ನುವ ಕರಡಿಯೊಂದಿಗೆ ಬೀದಿಯ ಕುಣಿತ ಮುಗಿಯಿತು ಅಂತ ಲೆಕ್ಕ.

ಇವಳು ಬೈನಾಕ್ಯುಲರ್ ಕೆಳಗಿಳಿಸಲೇ ಇಲ್ಲ. ಅಮ್ಮ ಬೆಲ್ಲ ನೆಕ್ಕುತ್ತಿತ್ತು, ಮರಿ ಬೆನ್ನಿಂದ ಜಾರಿ ಮತ್ತೆ ಹತ್ತುತ್ತಿತ್ತು. "ನಾನೂ ಹಂಗೇ ಜಾರಿದ್ದೆ" ಅಂದಳು ಮೆಲ್ಲಗೆ. "ಮೂಗು ನೋಡು. ಏನೂ ಇಲ್ಲ."

ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು. "ಆ ಬೆಲ್ಲಾನೂ ಒಂಥರಾ ಹಗ್ಗಾನೇ ಅಲ್ವಾ?"

ನನಗೆ ಈಗಲೂ ಪೂರ್ತಿ ಉತ್ತರ ಸಿಕ್ಕಿಲ್ಲ. ಬೆಲ್ಲ ಇಲ್ಲದಿದ್ದರೆ ಅವಳು ಕರಡಿಯನ್ನು ನೋಡುತ್ತಿರಲಿಲ್ಲ. ನೋಡುವ ಜನ ಇಲ್ಲದಿದ್ದರೆ ಈ ಗುಡ್ಡವನ್ನೂ ಯಾರಾದರೂ ಅಗೆದು ಹಡಗು ಹತ್ತಿಸುತ್ತಿದ್ದರೇನೋ. ಆದರೆ ಸಂಜೆಯಾದರೆ ಬೆಲ್ಲ ಅಂತ ಕಲಿತ ಕರಡಿ ಪೂರ್ತಿ ಕಾಡಿನದೂ ಅಲ್ಲ. ಒಂದು ವ್ಯತ್ಯಾಸ ಮಾತ್ರ ಕಂಡಿತು. ಹೊಟ್ಟೆ ತುಂಬಿದ ಮೇಲೆ ಅದು ನಮ್ಮ ಕಡೆ ತಿರುಗಿಯೂ ನೋಡದೆ ಮರಿಯನ್ನು ಹೊತ್ತುಕೊಂಡು ಬಂಡೆಯ ಹಿಂದೆ ಹೋಯಿತು. ಹೋಗಬಹುದಿತ್ತು, ಹೋಯಿತು. ಅವಳ ಬಾಲ್ಯದ ಕರಡಿಗೆ ಅಷ್ಟೂ ಇರಲಿಲ್ಲ.

ಮರೆ ಬಂದವರನ್ನು ಬಿಟ್ಟುಕೊಡದ ಕಂಪಿಲರಾಯನಿಗೆ ಅದರಿಂದ ಏನೂ ಸಿಗಲಿಲ್ಲ, ರಾಜ್ಯವೇ ಹೋಯಿತು. ಧಾಮ ಅಂದರೆ ಅದೇ ಅಲ್ಲವೇ? ನಮಗೆ ಏನು ಸಿಗುತ್ತದೆ ಅಂತ ಕೇಳದೆ ಕೊಡುವ ಜಾಗ. ನಾವಿನ್ನೂ ಅಲ್ಲಿಗೆ ತಲುಪಿಲ್ಲ. ಟಿಕೆಟ್ಟು, ಬೆಲ್ಲ, ಗೋಪುರ ಇಷ್ಟರವರೆಗೆ ಬಂದಿದ್ದೇವೆ. ಮಹಾನವಮಿ ದಿಬ್ಬದಿಂದ ಇಲ್ಲಿಗೆ ಬರಲು ಐನೂರು ವರ್ಷ ಹಿಡಿದಿದೆ.

ರಾತ್ರಿ ಕಂಪ್ಲಿಗೆ ವಾಪಸ್ ಬಂದಾಗ ಅತ್ತೆ ಹಳೇ ಟ್ರಂಕು ತೆಗೆದು ಆ ತಾಯಿತ ಹುಡುಕಿ ಕೊಟ್ಟರು. ಬೆಳ್ಳಿ ಕಪ್ಪಾಗಿತ್ತು. ಮಗಳಿಗೆ ಕಟ್ಟಲಿ ಅಂತ ಇಟ್ಟಿದ್ದರಂತೆ. ಇವಳು ಅದನ್ನು ಬಿಚ್ಚಿದಳು. ಒಳಗೆ ಒರಟಾದ ನಾಲ್ಕು ಕರಿ ಕೂದಲು, ಹಾಗೇ ಇದ್ದವು. ಬೆಳಿಗ್ಗೆ ಹೊಳೆಗೆ ಹೋಗಿ ಬಿಟ್ಟು ಬಂದೆವು. ಬರುವಾಗ ತಿರುಗಿ ನೋಡಿದೆ, ನೀರುನಾಯಿ ಈ ಸಲವೂ ಕಾಣಲಿಲ್ಲ.

ನಿಮ್ಮಲ್ಲಿ ಯಾರಾದರೂ ಚಿಕ್ಕಂದಿನಲ್ಲಿ ಕರಡಿ ಬೆನ್ನ ಮೇಲೆ ಕೂತಿದ್ದರೆ ಹೇಳಿ. ಇವಳಿಗೆ ಓದಿ ಹೇಳುತ್ತೇನೆ.